ಬಿಡುವಾಗಿರುವ ಸಿಪಿಯು ಸಾಲದು, ಹತ್ತಿರದ ಸಿಪಿಯು ಬೇಕು

ಮಾನ್ಯ ಸಂಪಾದಕರೇ,

ಆಪರೇಟಿಂಗ್ ಸಿಸ್ಟಂಗಳ ಒಳಗೆ ಕೆಲಸ ಹಂಚಿಕೆಯಾಗುವ ಬಗೆಯನ್ನು ಕುರಿತು ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥ ವಿಷಯ ಕನ್ನಡದಲ್ಲಿ ಬರುವುದೇ ಅಪರೂಪ. ಅದಕ್ಕಾಗಿ ಲೇಖಕರಿಗೂ ನಿಮಗೂ ಕೃತಜ್ಞತೆಗಳು. ಆದರೆ ಅದರಲ್ಲಿನ ಒಂದು ಮಾತು ನನ್ನನ್ನು ಈ ಪತ್ರ ಬರೆಯುವಂತೆ ಮಾಡಿತು. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಹಿನ್ನೆಲೆಗೆ ಬಿಟ್ಟ ಕೆಲಸವನ್ನು ಯಾವ ಸಿಪಿಯು ಬಿಡುವಾಗಿದೆಯೋ ಅದು ಎತ್ತಿಕೊಳ್ಳುತ್ತದೆ, ಹಾಗಾಗಿ ಕೋರ್‌ಗಳು, ಅಂದರೆ ಪ್ರೊಸೆಸರ್ ಚಿಪ್‌ನೊಳಗಿನ ಸಿಪಿಯುಗಳು, ಹೆಚ್ಚಿದಷ್ಟೂ ಕೆಲಸ ಬೇಗ ಮುಗಿಯುತ್ತದೆ ಎಂದು ಲೇಖನ ಹೇಳುತ್ತದೆ. ಇದು ಸುಳ್ಳಲ್ಲ, ಆದರೆ ಓದುಗರನ್ನು ಅರ್ಧ ದಾರಿಯಲ್ಲಿ ಬಿಟ್ಟುಬಿಡುವ ಮಾತು. ಆ ಸಿಪಿಯು ಬಿಡುವಾಗಿದೆಯೇ ಎಂದು ಕೇಳುವಾಗಲೇ, ಆ ಕೆಲಸ ಮುಟ್ಟಬೇಕಾದ ಮೆಮೊರಿಗೆ ಅದು ಎಷ್ಟು ಹತ್ತಿರವಿದೆ ಎಂದೂ ಕೇಳಬೇಕು. ಹಲವು ವರ್ಷಗಳಿಂದ, ಸಾಧನಗಳನ್ನು ನಡೆಸುವ ಡ್ರೈವರ್‌ಗಳ ಕೋಡ್ ಬರೆಯುತ್ತಿರುವ ನನಗೆ, ದೊಡ್ಡ ಯಂತ್ರಗಳಲ್ಲಿ ಈ ಎರಡನೆಯ ಪ್ರಶ್ನೆಯೇ ಹೆಚ್ಚು ತೂಕದ್ದೆಂದು ಅನುಭವದಿಂದ ಮನವರಿಕೆಯಾಗಿದೆ.

ಮೆಮೊರಿಗೆ ‘ಜಾಗ’ ಇದೆ ಎಂಬುದರಿಂದಲೇ ಆರಂಭಿಸಬೇಕು, ಏಕೆಂದರೆ ನಮ್ಮಲ್ಲಿ ಹೆಚ್ಚಿನವರು ಕಲಿತ ಚಿತ್ರದಲ್ಲಿ ಸಿಪಿಯುಗಳೆಲ್ಲ ಒಂದು ಕಡೆ, ಮೆಮೊರಿಯೆಲ್ಲ ಇನ್ನೊಂದು ಕಡೆ, ನಡುವೆ ಎಲ್ಲರಿಗೂ ಸಮಾನವಾದ, ಬಸ್ ಎಂಬ ಒಂದು ದತ್ತಾಂಶದ ದಾರಿ ಇರುತ್ತದೆ. ಸಾಮಾನ್ಯ ಸರ್ವರ್‌ಗಳಲ್ಲಿ ಆ ಚಿತ್ರ ಹಳತಾಗಿ ಎರಡು ದಶಕವೇ ಆಯಿತು. 2003ರಲ್ಲಿ ಎಎಂಡಿ ಕಂಪನಿಯ ಆಪ್ಟೆರಾನ್ ಪ್ರೊಸೆಸರ್ ಮೆಮೊರಿ ಕಂಟ್ರೋಲರನ್ನು ಚಿಪ್‌ನ ಒಳಕ್ಕೇ ತಂದಿತು. 2008ರಲ್ಲಿ ಇಂಟೆಲ್‌ನ ನೆಹಾಲೆಮ್ ಕೂಡ ಅದೇ ದಾರಿ ಹಿಡಿಯಿತು. ಅಲ್ಲಿಂದಾಚೆಗೆ ಎರಡು ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಯಂತ್ರವೆಂದರೆ, ತನ್ನದೇ ಮೆಮೊರಿಯನ್ನು ಪಕ್ಕದಲ್ಲಿಟ್ಟುಕೊಂಡ ಎರಡು ಪ್ರೊಸೆಸರ್‌ಗಳು ಒಂದು ಕೊಂಡಿಯಿಂದ ಜೋಡಣೆಯಾದ ವ್ಯವಸ್ಥೆ ಎಂದೇ ಅರ್ಥ. ಒಂದು ಪ್ರೊಸೆಸರ್ ಮತ್ತು ಅದರ ಪಕ್ಕದ ಮೆಮೊರಿ ಸೇರಿದ ಗುಂಪನ್ನು ನೋಡ್ ಎನ್ನುತ್ತಾರೆ. ಇಡೀ ವಿನ್ಯಾಸವನ್ನು, ಮೆಮೊರಿಯನ್ನು ತಲುಪುವ ಸಮಯ ಎಲ್ಲೆಡೆ ಒಂದೇ ಅಲ್ಲ ಎಂಬರ್ಥದಲ್ಲಿ, ನ್ಯೂಮಾ ಎನ್ನುತ್ತಾರೆ. ಯಾವ ಸಿಪಿಯು ಬೇಕಾದರೂ ಯಾವ ನೋಡ್‌ನ ಮೆಮೊರಿಯನ್ನಾದರೂ ಓದಬಹುದು, ಬರೆಯಬಹುದು. ಮೆಮೊರಿ ಆಚೆಯ ನೋಡ್‌ನದ್ದಾದರೆ ಪ್ರೋಗ್ರಾಂ ತಪ್ಪು ಉತ್ತರ ಕೊಡುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ಹಾಗಾಗಿಯೇ ಈ ತೊಂದರೆ ಬೇಗನೆ ಕಣ್ಣಿಗೆ ಬೀಳುವುದಿಲ್ಲ.

ಎಷ್ಟು ನಿಧಾನ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಹತ್ತಿರದ ಮೆಮೊರಿಯಿಂದ ಒಂದು ಮೌಲ್ಯ ತರಲು ನೂರು ನ್ಯಾನೋಸೆಕೆಂಡಿನ ಆಸುಪಾಸು ಹಿಡಿಯುತ್ತದೆ ಎಂದುಕೊಂಡರೆ, 3 ಗಿಗಾಹರ್ಟ್ಸ್ ವೇಗದ ಕೋರ್ ಅಷ್ಟರಲ್ಲಿ 300 ಗಡಿಯಾರದ ಮಿಡಿತಗಳನ್ನು ಕಾಯುತ್ತಾ ಕಳೆದಿರುತ್ತದೆ. ಇನ್ನೊಂದು ಸಾಕೆಟ್‌ನ ಮೆಮೊರಿಯಾದರೆ ಕಾಯುವಿಕೆ ಇನ್ನೂ ಹೆಚ್ಚು. ತಯಾರಕರು ಯಂತ್ರದೊಳಗೇ ಇಟ್ಟ ತಂತ್ರಾಂಶವಾದ ಫರ್ಮ್‌ವೇರ್ ಈ ಅಂತರಗಳನ್ನು ಒಂದು ಕೋಷ್ಟಕದಲ್ಲಿ ಕರ್ನಲ್‌ಗೆ ಬರೆದುಕೊಡುತ್ತದೆ. ಆ ಕೋಷ್ಟಕದಲ್ಲಿ ತನ್ನದೇ ನೋಡ್‌ಗೆ 10 ಎಂಬ ಅಂಕಿ, ಆಚೆಯ ಸಾಕೆಟ್‌ಗೆ ಸಾಮಾನ್ಯವಾಗಿ 20 ಅಥವಾ 21. ಇದು ತಯಾರಕರು ಬರೆದಿಟ್ಟ ಸಾಪೇಕ್ಷ ಅಂಕಿಯೇ ಹೊರತು ಗಡಿಯಾರ ಹಿಡಿದು ಅಳೆದ ಸಮಯವಲ್ಲ, ಹಾಗಾಗಿ ಎರಡು ಪಟ್ಟು ನಿಧಾನ ಎಂದು ಅದನ್ನು ಓದಬಾರದು. ಒಂದೊಂದು ಓದಿಗೆ ತಗಲುವ ತಡಕ್ಕಿಂತಲೂ, ಸಾಕೆಟ್‌ಗಳ ನಡುವಿನ ಕೊಂಡಿಯನ್ನು ಎಲ್ಲರೂ ಹಂಚಿಕೊಳ್ಳಬೇಕು ಎಂಬುದು ನನ್ನ ದೃಷ್ಟಿಯಲ್ಲಿ ದೊಡ್ಡ ಸಂಗತಿ. ಹಲವು ಕೆಲಸಗಳು ಒಟ್ಟಿಗೆ ಆಚೆಯ ಮೆಮೊರಿಗೆ ಕೈಚಾಚಿದಾಗ ಆ ಕೊಂಡಿಯೇ ಇಕ್ಕಟ್ಟಾಗುತ್ತದೆ.

ಮೆಮೊರಿ ಯಾವ ನೋಡ್‌ನಿಂದ ಸಿಗುತ್ತದೆ ಎಂಬುದನ್ನು ನಿರ್ಧರಿಸುವ ನಿಯಮ ಸರಳ. ಬೇರೇನೂ ಹೇಳದಿದ್ದರೆ, ಕೇಳಿದ ಕೋಡ್ ಆ ಕ್ಷಣದಲ್ಲಿ ಯಾವ ಸಿಪಿಯು ಮೇಲೆ ಓಡುತ್ತಿದೆಯೋ ಆ ಸಿಪಿಯುವಿನ ನೋಡ್‌ನಿಂದಲೇ ಕರ್ನಲ್ ಮೆಮೊರಿ ಕೊಡಲು ನೋಡುತ್ತದೆ. ಬಳಕೆದಾರರ ಪ್ರೋಗ್ರಾಂಗಳಿಗೆ ಪುಟವನ್ನು (ಮೆಮೊರಿಯ ಒಂದು ಸಣ್ಣ ತುಂಡನ್ನು) ಮೊದಲ ಬಾರಿ ಮುಟ್ಟಿದಾಗ ಈ ನಿರ್ಧಾರವಾಗುತ್ತದೆ. ಕರ್ನಲ್‌ ತನಗಾಗಿ ಕೇಳುವ ಮೆಮೊರಿಗಾದರೆ ಕೇಳಿದ ಗಳಿಗೆಯಲ್ಲೇ ನಿರ್ಧಾರವಾಗುತ್ತದೆ. ಈ ಎರಡರ ನಡುವೆ ಲೇಖನ ಹೇಳದೆ ಬಿಟ್ಟ ಒಂದು ಮುಖ್ಯ ವ್ಯತ್ಯಾಸವಿದೆ. ಬಳಕೆದಾರರ ಪುಟ ತಪ್ಪು ನೋಡ್‌ನಲ್ಲಿ ಕುಳಿತರೆ ಅದನ್ನು ಆಮೇಲೆ ಸ್ಥಳಾಂತರಿಸಬಹುದು, ಮತ್ತು ಲಿನಕ್ಸ್ ಕರ್ನಲ್ 2013ರ ಸುಮಾರಿನಿಂದ ಈ ಸ್ಥಳಾಂತರವನ್ನು ತಾನಾಗಿಯೇ ಮಾಡುವುದನ್ನೂ ಕಲಿತಿದೆ. ಆದರೆ ಡ್ರೈವರ್ ಒಂದು ತನ್ನ ಕ್ಯೂಗಳಿಗೆಂದು (ಸಾಧನದೊಂದಿಗೆ ಕೆಲಸ ವಿನಿಮಯ ಮಾಡಿಕೊಳ್ಳುವ ಸಾಲುಗಳಿಗೆಂದು) ಕೇಳಿ ಪಡೆದ ಮೆಮೊರಿಯನ್ನು ಯಾರೂ ಸರಿಸುವುದಿಲ್ಲ. ಅದರ ವಿಳಾಸವನ್ನು ಹತ್ತು ಕಡೆ ಬರೆದಿಟ್ಟುಕೊಂಡಿರುತ್ತಾರೆ, ಸಾಧನಕ್ಕೂ ಕೊಟ್ಟಿರುತ್ತಾರೆ. ಬೂಟ್ ಆಗುವಾಗ ಅರ್ಧ ಸೆಕೆಂಡಿನಲ್ಲಿ ಆದ ತಪ್ಪು ಆ ಯಂತ್ರ ಮತ್ತೆ ಬೂಟ್ ಆಗುವವರೆಗೆ, ಅಂದರೆ ಕೆಲವೊಮ್ಮೆ ತಿಂಗಳುಗಟ್ಟಲೆ, ಹಾಗೆಯೇ ಉಳಿಯುತ್ತದೆ.

ಇನ್ನು ಹಿನ್ನೆಲೆಗೆ ಬಿಟ್ಟ ಕೆಲಸದ ಮಾತು. ಕರ್ನಲ್‌ನಲ್ಲಿ ಎಷ್ಟೋ ಕೆಲಸಗಳನ್ನು ಕೇಳಿದವರು ನಿಂತು ಕಾಯುವ ಹಾಗಿರುವುದಿಲ್ಲ. ಸಾಧನ ಗಮನ ಸೆಳೆಯಲು ಕಳುಹಿಸುವ ಇಂಟರಪ್ಟ್ ಬಂದಾಗ ನಿದ್ದೆಗೆ ಹೋಗುವಂತಿಲ್ಲ. ಡಿಸ್ಕ್ ಒಂದು ಎಚ್ಚರಗೊಳ್ಳುವುದನ್ನು ಕಾಯುತ್ತಾ ಉಳಿದ ಸಾಧನಗಳನ್ನು ನಿಲ್ಲಿಸಿಟ್ಟರೆ ಬೂಟ್ ಮುಗಿಯುವುದೇ ಇಲ್ಲ. ಅಂಥ ಕೆಲಸವನ್ನು ಒಂದು ಫಂಕ್ಷನ್ ಮತ್ತು ಅದಕ್ಕೆ ಬೇಕಾದ ಒಂದು ವಿಳಾಸವಾಗಿ ಕಟ್ಟಿ ವರ್ಕ್‌ಕ್ಯೂ ಎಂಬ ಸಾಲಿಗೆ ಸೇರಿಸುತ್ತಾರೆ. ಕೆವರ್ಕರ್ (kworker) ಎಂಬ ಕರ್ನಲ್ ಥ್ರೆಡ್‌ಗಳು ಅದನ್ನು ಎತ್ತಿಕೊಂಡು ಮುಗಿಸುತ್ತವೆ. ಲಿನಕ್ಸ್‌ನ ಈಗಿನ ವರ್ಕ್‌ಕ್ಯೂ ವ್ಯವಸ್ಥೆಯನ್ನು ಕರ್ನಲ್ ಬರೆಯುವವರಲ್ಲಿ ಒಬ್ಬರಾದ ಟೇಜುನ್ ಹಿಯೊ ರೂಪಿಸಿದ್ದು, 2010ರಲ್ಲಿ 2.6.36ನೆಯ ಆವೃತ್ತಿಯೊಂದಿಗೆ ಅದು ಕರ್ನಲ್‌ಗೆ ಸೇರಿತು. ಅದಕ್ಕೂ ಮುಂಚೆ, 2009ರಲ್ಲಿ, ಬೂಟ್ ಸಮಯವನ್ನು ತಗ್ಗಿಸಬೇಕೆಂದು ಆರ್ಯನ್ ವ್ಯಾನ್ ಡಿ ವೆನ್ ಅವರು ಅಸಿಂಕ್ ಎಂಬ ಇನ್ನೊಂದು ಏರ್ಪಾಡನ್ನು ತಂದಿದ್ದರು. ಅದರಲ್ಲಿ ಪ್ರತಿ ಕೆಲಸಕ್ಕೂ ಕುಕಿ ಎಂಬ ಏರಿಕೆಯ ಸಂಖ್ಯೆ ಸಿಗುತ್ತದೆ. ಇಂಥ ಸಂಖ್ಯೆಗಿಂತ ಮುಂಚಿನವೆಲ್ಲ ಮುಗಿಯಲಿ ಎಂದು ಕಾಯಬೇಕಾದವರು ಆ ಕುಕಿಯನ್ನು ಹಿಡಿದು ಕಾಯಬಹುದು. ಇವತ್ತು ಅದು ಕೂಡ ಒಳಗೆ ವರ್ಕ್‌ಕ್ಯೂವನ್ನೇ ಆಶ್ರಯಿಸಿದೆ.

ಲಿನಕ್ಸ್ ಯಂತ್ರವಿರುವ ಓದುಗರು ಓಡುತ್ತಿರುವ ಪ್ರಕ್ರಿಯೆಗಳ ಪಟ್ಟಿಯನ್ನು ತೆರೆದು ನೋಡಿದರೆ ಈ ಕೆಲಸಗಾರರೆಲ್ಲ ಸಾಲಾಗಿ ಕಾಣುತ್ತಾರೆ. ಕೆವರ್ಕರ್ ಎಂಬ ಹೆಸರಿನ ಮುಂದೆ ಒಂದು ಓರೆಗೆರೆ, ಅದರ ಮುಂದೆ ನೇರವಾಗಿ ಅಂಕಿ ಇದ್ದರೆ, ಅದು ಆ ಅಂಕಿಯ ಸಿಪಿಯುವಿಗೇ ಕಟ್ಟಿಹಾಕಿದ ಥ್ರೆಡ್. ಓರೆಗೆರೆಯ ಮುಂದೆ ‘ಯು’ (u) ಎಂಬ ಅಕ್ಷರ ಇದ್ದರೆ ಅದು ಯಾವುದೇ ಒಂದು ಸಿಪಿಯುವಿಗೆ ಕಟ್ಟುಬೀಳದ ಥ್ರೆಡ್. ಇಂಥವು ಕೆಲಸ ಮಾಡುವ ಸಾಲನ್ನು ಅನ್‌ಬೌಂಡ್ ವರ್ಕ್‌ಕ್ಯೂ ಎನ್ನುತ್ತಾರೆ. ಹೆಚ್ಚು ಹೊತ್ತು ಹಿಡಿಯುವ ಕೆಲಸಗಳೆಲ್ಲ ಸಾಮಾನ್ಯವಾಗಿ ಹೋಗುವುದು ಇಲ್ಲಿಗೆ, ಮತ್ತು ಈ ಪತ್ರದ ವಿಷಯ ಇರುವುದೂ ಇಲ್ಲೇ.

ಕೆಲಸವನ್ನು ಸಾಲಿಗೆ ಸೇರಿಸುವವರು ಒಂದು ಸಿಪಿಯು ಮೇಲಿರುತ್ತಾರೆ, ಆ ಕೆಲಸಕ್ಕೆ ಸಂಬಂಧಿಸಿದ ಸಾಧನ ಇನ್ನೊಂದು ನೋಡ್‌ಗೆ ಅಂಟಿಕೊಂಡಿರಬಹುದು. ಬೇರೆ ಸೂಚನೆ ಇಲ್ಲದಿದ್ದರೆ ಅನ್‌ಬೌಂಡ್ ಸಾಲು ಕೆಲಸವನ್ನು ಸೇರಿಸಿದವರ ಹತ್ತಿರದಲ್ಲೇ ನಡೆಸಲು ನೋಡುತ್ತದೆ. ಸೇರಿಸಿದವರೂ ಕೆಲಸದ ಮೆಮೊರಿಯೂ ಒಂದೇ ಕಡೆ ಇದ್ದರೆ ಇದು ಒಳ್ಳೆಯ ಊಹೆ. ಆದರೆ ಟೈಮರ್ ಒಂದು ಎಲ್ಲೋ ಮೊಳಗಿ, ಅದು ಎಲ್ಲೋ ಓಡಿ, ಅಲ್ಲಿಂದ ಕೆಲಸ ಸಾಲಿಗೆ ಬಿದ್ದಾಗ, ಸೇರಿಸಿದವರ ಜಾಗಕ್ಕೂ ಕೆಲಸದ ಜಾಗಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ಕೆಲಸವನ್ನು ಕಟ್ಟಿಕೊಟ್ಟ ಪೊಟ್ಟಣದಲ್ಲಿ ಏನು ಮಾಡಬೇಕೆಂದು ಬರೆದಿರುತ್ತದೆ, ಎಲ್ಲಿ ಮಾಡಬೇಕೆಂದು ಬರೆದಿರುವುದಿಲ್ಲ.

ಇದು ಕೇವಲ ತತ್ತ್ವದ ಮಾತಲ್ಲ. ಕೆಲವು ವಾರಗಳ ನನ್ನ ನಿದ್ದೆಯನ್ನು ಕಸಿದುಕೊಂಡ ಒಂದು ಘಟನೆಯನ್ನು ಹೇಳಬೇಕು. ಎರಡು ಸಾಕೆಟ್‌ಗಳ ಒಂದು ಯಂತ್ರದಲ್ಲಿ, ಎರಡನೆಯ ಸಾಕೆಟ್‌ಗೆ ಜೋಡಿಸಿದ್ದ ಒಂದು ಸ್ಟೋರೇಜ್ ಕಾರ್ಡಿಗೆ ನಾವೇ ಡ್ರೈವರ್ ಬರೆದಿದ್ದೆವು. ಕಾರ್ಡ್ ಒಮ್ಮೊಮ್ಮೆ ಸ್ಪಂದಿಸುವುದನ್ನು ನಿಲ್ಲಿಸಿದಾಗ ಒಂದು ಟೈಮರ್ ಅದನ್ನು ಗಮನಿಸಿ, ರೀಸೆಟ್ ಮಾಡುವ ಕೆಲಸವನ್ನು ಅನ್‌ಬೌಂಡ್ ಸಾಲಿಗೆ ಹಾಕುತ್ತಿತ್ತು. ಆ ಕೆಲಸ ಹಳೆಯ ಕ್ಯೂಗಳ ಮೆಮೊರಿಯನ್ನು ಬಿಟ್ಟುಕೊಟ್ಟು, ಹೊಸದಾಗಿ ಕೇಳಿ ಪಡೆದು, ಕಾರ್ಡನ್ನು ಮತ್ತೆ ಎಬ್ಬಿಸುತ್ತಿತ್ತು. ಕೆಲವು ರೀಸೆಟ್‌ಗಳಾದ ಮೇಲೆ ಎಲ್ಲವೂ ಮೊದಲಿನಂತೆಯೇ ಇರುತ್ತಿತ್ತು. ಇನ್ನು ಕೆಲವು ರೀಸೆಟ್‌ಗಳ ನಂತರ ಅದೇ ಕಾರ್ಡ್, ಅದೇ ಡ್ರೈವರ್, ಅದೇ ಹೊರೆ, ಆದರೆ ವೇಗ ಎದ್ದುಕಾಣುವಷ್ಟು ಕುಸಿದು, ಮುಂದಿನ ರೀಸೆಟ್ ತನಕ ಹಾಗೆಯೇ ಇರುತ್ತಿತ್ತು. ಕೋಡ್‌ನಲ್ಲಿ ಯಾವ ವ್ಯತ್ಯಾಸವೂ ಇಲ್ಲ, ದೋಷದ ಸಂದೇಶವೂ ಇಲ್ಲ.

ನೋಡ್‌ವಾರು ಮೆಮೊರಿ ಹಂಚಿಕೆಯ ಲೆಕ್ಕ ಕೊಡುವ ನ್ಯೂಮಾಸ್ಟಾಟ್ ಎಂಬ ಸಲಕರಣೆಯನ್ನು ಓಡಿಸಿ ನೋಡಿದೆವು. ಅದರಲ್ಲಿಯೂ ಏನೂ ಕಾಣಲಿಲ್ಲ. ಅದು ಏಕೆ ಕಾಣಲಿಲ್ಲ ಎಂದು ಅರ್ಥವಾದದ್ದು ಬಹಳ ತಡವಾಗಿ, ಹಾಗಾಗಿ ಇಲ್ಲಿ ಬಿಡಿಸಿ ಹೇಳುತ್ತೇನೆ. ಕೇಳಿದ ನೋಡ್ ಬಿಟ್ಟು ಬೇರೆ ನೋಡ್‌ನಿಂದ ಮೆಮೊರಿ ಕೊಡಬೇಕಾಗಿ ಬಂದರೆ ಆ ಸಲಕರಣೆ ಅದನ್ನು ತಪ್ಪಿದ ಹಂಚಿಕೆ ಎಂದು ಎಣಿಸುತ್ತದೆ. ನಮ್ಮಲ್ಲಿ ಆದದ್ದು ಬೇರೆ. ರೀಸೆಟ್ ಕೆಲಸ ಮೊದಲನೆಯ ನೋಡ್‌ನಲ್ಲಿ ಓಡಿತು, ತನ್ನ ಪಕ್ಕದ ಮೆಮೊರಿಯನ್ನೇ ಕೇಳಿತು, ಅದೇ ಸಿಕ್ಕಿತು. ಕೇಳಿದವರ ದೃಷ್ಟಿಯಿಂದ ಅದು ಅಚ್ಚುಕಟ್ಟಾದ, ಹತ್ತಿರದ ಹಂಚಿಕೆ. ಆ ಮೆಮೊರಿಯನ್ನು ಮುಂದೆ ದಿನವಿಡೀ ಬಳಸಬೇಕಾದ ಕಾರ್ಡ್ ಮತ್ತು ಅದರ ಇಂಟರಪ್ಟ್‌ಗಳು ಮಾತ್ರ ಎರಡನೆಯ ನೋಡ್‌ನಲ್ಲಿದ್ದವು. ಲೆಕ್ಕದ ಪುಸ್ತಕ ಸರಿಯಾಗಿತ್ತು, ಕೆಲಸ ನಡೆದ ಜಾಗ ತಪ್ಪಾಗಿತ್ತು. ರೀಸೆಟ್ ಕೆಲಸ ಯಾವ ಸಿಪಿಯು ಮೇಲೆ ಓಡಿತೆಂದು ಒಂದೇ ಸಾಲಿನ ಸಂದೇಶವನ್ನು ಮುದ್ರಿಸುವಂತೆ ಡ್ರೈವರನ್ನು ತಿದ್ದಿದ ದಿನ, ವೇಗ ಕುಸಿದ ಪ್ರತಿ ಬಾರಿಯೂ ಆ ಸಂಖ್ಯೆ ಮೊದಲನೆಯ ಸಾಕೆಟ್‌ನದ್ದೇ ಎಂದು ಗೊತ್ತಾಯಿತು.

ಈ ರೋಗಕ್ಕೆ ಕರ್ನಲ್‌ನಲ್ಲಿ ಮದ್ದು ಆಗಲೇ ಇತ್ತು. 2019ರ ಮೇ ತಿಂಗಳಲ್ಲಿ ಬಿಡುಗಡೆಯಾದ 5.1ನೆಯ ಆವೃತ್ತಿಯಲ್ಲಿ ಅಲೆಕ್ಸಾಂಡರ್ ಡ್ಯೂಕ್ ಅವರ ಪ್ಯಾಚ್‌ಗಳ (ಕೋಡ್ ತಿದ್ದುಪಡಿಗಳ) ಮೂಲಕ ಕ್ಯೂ_ವರ್ಕ್_ನೋಡ್ ಎಂಬ ಫಂಕ್ಷನ್ ಬಂದಿತು. ಅದರ ಮೇಲೆ ಕಟ್ಟಿದ ಅಸಿಂಕ್_ಷೆಡ್ಯೂಲ್_ನೋಡ್ ಮತ್ತು ಅಸಿಂಕ್_ಷೆಡ್ಯೂಲ್_ಡೆವ್ ಎಂಬವೂ ಬಂದವು. ಈ ಕೆಲಸವನ್ನು ಇಂಥ ನೋಡ್‌ನ ಹತ್ತಿರ ಮಾಡು ಎಂದು ಮೊದಲನೆಯದು ಹೇಳುತ್ತದೆ. ಈ ಸಾಧನ ಯಾವ ನೋಡ್‌ನಲ್ಲಿದೆಯೋ ಅಲ್ಲೇ ಮಾಡು ಎಂದು ಕೊನೆಯದು ಹೇಳುತ್ತದೆ. ಈ ಬದಲಾವಣೆಯ ಹಿಂದಿನ ಒತ್ತಡ ಬಂದದ್ದು ಮಾಮೂಲಿ ಮೆಮೊರಿಯ ಡಿಮ್ ಸ್ಲಾಟ್‌ಗಳಲ್ಲೇ ಕೂರುವ, ವಿದ್ಯುತ್ ಹೋದರೂ ಮರೆಯದ ಪರ್ಸಿಸ್ಟೆಂಟ್ ಮೆಮೊರಿಯಿಂದ. ಅದರ ಲೆಕ್ಕ ಒಮ್ಮೆ ಹಾಕಿ ನೋಡಿದರೆ ಸಮಸ್ಯೆಯ ಗಾತ್ರ ಗೊತ್ತಾಗುತ್ತದೆ. ಪ್ರತಿ 4 ಕಿಲೋಬೈಟ್ ಪುಟಕ್ಕೂ ಕರ್ನಲ್ ಸಾಮಾನ್ಯವಾಗಿ 64 ಬೈಟ್‌ಗಳ ಒಂದು ದಾಖಲೆ ಇಟ್ಟುಕೊಳ್ಳುತ್ತದೆ. 1 ಟೆರಾಬೈಟ್ ಮೆಮೊರಿಯಲ್ಲಿ ಸುಮಾರು 26.8 ಕೋಟಿ ಪುಟಗಳು. ಅವುಗಳ ದಾಖಲೆಗಳೇ 16 ಗಿಗಾಬೈಟ್. ಒಂದೊಂದು ನೋಡ್‌ನಲ್ಲಿ 3 ಟೆರಾಬೈಟ್ ಪರ್ಸಿಸ್ಟೆಂಟ್ ಮೆಮೊರಿ ಇದ್ದರೆ ಬಳಕೆಗೆ ಮುನ್ನ ಬರೆದು ಸಿದ್ಧಮಾಡಬೇಕಾದ ದಾಖಲೆ ನೋಡ್‌ಗೆ 48 ಗಿಗಾಬೈಟ್. ಇಷ್ಟನ್ನು ಆಚೆಯ ಸಾಕೆಟ್‌ನಿಂದ, ಎಲ್ಲರೂ ಹಂಚಿಕೊಳ್ಳುವ ಕೊಂಡಿಯ ಮೂಲಕ ಬರೆಯುವುದಕ್ಕೂ, ಆಯಾ ನೋಡ್‌ನ ಸಿಪಿಯುವೇ ತನ್ನ ಪಕ್ಕದಲ್ಲಿ ಬರೆಯುವುದಕ್ಕೂ ಎಷ್ಟು ಅಂತರವಿರುತ್ತದೆ ಎಂಬುದನ್ನು ಬೂಟ್ ಮುಗಿಯುವುದನ್ನು ಕಾದು ಕುಳಿತವರು ಬಲ್ಲರು.

ಕ್ಯೂ_ವರ್ಕ್_ನೋಡ್ ಒಳಗೆ ನಡೆಯುವುದು ಕೋಡ್‌ನ ಕೆಲವೇ ಸಾಲುಗಳ ವ್ಯವಹಾರ, ಮತ್ತು ಅಷ್ಟು ಚಿಕ್ಕದಾಗಿರುವುದರಿಂದಲೇ ಪೂರ್ತಿಯಾಗಿ ಹೇಳಬಹುದು. ಕೇಳಿದ ನೋಡ್ ಸಂಖ್ಯೆ ಅಮಾನ್ಯವಾಗಿದ್ದರೆ ಅಥವಾ ಆ ನೋಡ್ ಆನ್‌ಲೈನ್ (ಅಂದರೆ ಚಾಲನೆಯಲ್ಲಿ) ಇಲ್ಲದಿದ್ದರೆ, ಸೂಚನೆಯನ್ನು ಬದಿಗಿಟ್ಟು ಮಾಮೂಲಿಯಂತೆ ಕೆಲಸವನ್ನು ಸಾಲಿಗೆ ಹಾಕುತ್ತದೆ. ಈಗ ಓಡುತ್ತಿರುವ ಸಿಪಿಯುವೇ ಆ ನೋಡ್‌ನದ್ದಾಗಿದ್ದರೆ ಅದನ್ನೇ ಆರಿಸುತ್ತದೆ. ಇಲ್ಲದಿದ್ದರೆ ಆ ನೋಡ್‌ನ ಆನ್‌ಲೈನ್ ಇರುವ ಮೊದಲ ಸಿಪಿಯುವನ್ನು ಆರಿಸುತ್ತದೆ. ಯಾವ ಸಿಪಿಯುವೂ ಸಿಗದಿದ್ದರೆ ಮತ್ತೆ ಮಾಮೂಲಿ ದಾರಿ. ಇದನ್ನು ಅನ್‌ಬೌಂಡ್ ಸಾಲುಗಳಿಗಷ್ಟೇ ಬಳಸಬೇಕು. ಬೇರೆ ಸಾಲನ್ನು ಕೊಟ್ಟರೆ ಕರ್ನಲ್ ಎಚ್ಚರಿಕೆ ಮುದ್ರಿಸುತ್ತದೆ. ಅದಕ್ಕೆ ಕಾರಣವೂ ಇದೆ: ಸಿಪಿಯುವಿಗೆ ಕಟ್ಟಿದ ಸಾಲಿನಲ್ಲಿ ಹೀಗೆ ಮಾಡಿದರೆ ಬರುವ ಕೆಲಸವೆಲ್ಲ ಪ್ರತಿ ನೋಡ್‌ನ ಮೊದಲ ಸಿಪಿಯುವಿನ ತಲೆಯ ಮೇಲೆಯೇ ಬೀಳುತ್ತದೆ.

ಈ ಪ್ರಯತ್ನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹಾಗಿದ್ದರೂ ಇದು ಭರವಸೆಯಲ್ಲ, ಕೈಲಾದಷ್ಟು ಮಾಡುವ ಪ್ರಯತ್ನ ಎಂಬುದನ್ನು ಲೇಖನದ ಓದುಗರು ತಿಳಿಯಬೇಕು, ಮತ್ತು ಅದು ಸದ್ದಿಲ್ಲದೆ ಸೋಲುವ ಜಾಗಗಳನ್ನು ಹೇಳದೆ ಬಿಟ್ಟರೆ ನಾನೂ ಅರ್ಧ ಮಾತೇ ಹೇಳಿದಂತಾಗುತ್ತದೆ.

ಮೊದಲನೆಯದು ನನಗೇ ಎದುರಾದದ್ದು. ನಮ್ಮ ಡ್ರೈವರ್‌ನಲ್ಲಿ ರೀಸೆಟ್ ಕೆಲಸವನ್ನು ಸಾಧನದ ನೋಡ್‌ಗೆ ಕಳುಹಿಸುವಂತೆ ತಿದ್ದಿದ ಮೇಲೂ ವೇಗ ಕುಸಿಯುವುದು ನಿಲ್ಲಲಿಲ್ಲ. ಪಿಸಿಐ ಸಾಧನಗಳಿಗೆಂದು, ಅಂದರೆ ಇಂಥ ಕಾರ್ಡ್‌ಗಳಿಗೆಂದು, ಕರ್ನಲ್ ತನ್ನ ಮಾಹಿತಿಯನ್ನು ಕಡತಗಳಾಗಿ ತೋರಿಸುವ ಸಿಸ್ಎಫ್ಎಸ್‌ನಲ್ಲಿ ಇರುವ ನ್ಯೂಮಾ_ನೋಡ್ (numa_node) ಎಂಬ ಕಡತವನ್ನು ತೆರೆದು ನೋಡಿದಾಗ ಅದರಲ್ಲಿ ಇದ್ದದ್ದು -1. ಅಂದರೆ ಈ ಕಾರ್ಡ್ ಯಾವ ನೋಡ್‌ನಲ್ಲಿದೆ ಎಂದು ಫರ್ಮ್‌ವೇರ್ ಕರ್ನಲ್‌ಗೆ ಹೇಳಿಯೇ ಇರಲಿಲ್ಲ. -1 ಎಂಬ ನೋಡ್ ಅಮಾನ್ಯ, ಆದ್ದರಿಂದ ಕ್ಯೂ_ವರ್ಕ್_ನೋಡ್ ನಮ್ಮ ಸೂಚನೆಯನ್ನು ಬದಿಗಿಟ್ಟು ಹಳೆಯ ದಾರಿಯಲ್ಲೇ ನಡೆದಿತ್ತು, ಮತ್ತು ಅದು ಹಾಗೆ ನಡೆದದ್ದನ್ನು ನಮಗೆ ತಿಳಿಸುವ ಯಾವ ವ್ಯವಸ್ಥೆಯೂ ಇರಲಿಲ್ಲ. ಆ ಫಂಕ್ಷನ್ ಹಿಂದಿರುಗಿಸುವ ಉತ್ತರ, ಕೆಲಸ ಈಗಾಗಲೇ ಸಾಲಿನಲ್ಲಿತ್ತೇ ಇಲ್ಲವೇ ಎಂಬುದನ್ನಷ್ಟೇ ಹೇಳುತ್ತದೆ.

ಎರಡನೆಯದು ಇನ್ನು ಮುಂದೆ ಹೆಚ್ಚಾಗಿ ಕಾಡುವ ವಿಷಯ. ಸಿಎಕ್ಸ್‌ಎಲ್ ಎಂಬ ಹೊಸ ಬಗೆಯ ಕೊಂಡಿಯ ಮೂಲಕ ಯಂತ್ರಕ್ಕೆ ಸೇರಿಸುವ ಮೆಮೊರಿ, ಸಿಪಿಯುವೇ ಇಲ್ಲದ ನೋಡ್ ಆಗಿ ಕರ್ನಲ್‌ಗೆ ಕಾಣಿಸಿಕೊಳ್ಳಬಹುದು. ಅಂಥ ನೋಡ್‌ನ ಹತ್ತಿರ ಮಾಡು ಎಂದು ಕೆಲಸ ಕೊಟ್ಟರೆ, ಮೇಲೆ ಹೇಳಿದ ಕ್ರಮದಲ್ಲಿ ಸಿಪಿಯು ಹುಡುಕಿ, ಸಿಗದೆ, ಮಾಮೂಲಿ ದಾರಿಗೇ ಬರಬೇಕಾಗುತ್ತದೆ. ಹತ್ತಿರ ಎಂಬ ಮಾತಿಗೆ ಅಲ್ಲೇ ಎಂಬ ಒಂದೇ ಅರ್ಥ ಕೊಟ್ಟರೆ ಹೀಗಾಗುತ್ತದೆ. ಅಂತರದ ಕೋಷ್ಟಕ ಕರ್ನಲ್‌ನ ಕೈಯಲ್ಲೇ ಇದೆ. ಸಿಪಿಯು ಇಲ್ಲದ ನೋಡ್‌ಗೆ ಅತಿ ಸಮೀಪದ, ಸಿಪಿಯು ಇರುವ ನೋಡ್ ಯಾವುದೆಂದು ಅದನ್ನು ನೋಡಿ ಆರಿಸಬಹುದು. ಇದು ನನ್ನ ಅಭಿಪ್ರಾಯವೇ ಹೊರತು ನಿರ್ವಿವಾದದ ಮಾತಲ್ಲ. ಆದರೂ ಮೆಮೊರಿ ಮಾತ್ರ ಇರುವ ನೋಡ್‌ಗಳು ಸಾಮಾನ್ಯವಾಗುವ ಮುನ್ನ ಈ ಚರ್ಚೆ ನಡೆಯಬೇಕೆಂದು ನನ್ನ ಬಲವಾದ ಬಯಕೆ.

ಮೂರನೆಯದು ಸೂಕ್ಷ್ಮವಾದದ್ದು. 2023ರಲ್ಲಿ ಬಂದ 6.6ನೆಯ ಆವೃತ್ತಿಯಿಂದ ಅನ್‌ಬೌಂಡ್ ಸಾಲುಗಳಿಗೆ ಅಫಿನಿಟಿ ವ್ಯಾಪ್ತಿ ಎಂಬ ಏರ್ಪಾಡು ಇದೆ. ಕೆಲಸಗಾರ ಥ್ರೆಡ್‌ಗಳನ್ನು ಒಂದು ಸಿಪಿಯು, ಒಂದು ಕ್ಯಾಶ್ (ಪ್ರೊಸೆಸರ್‌ನೊಳಗಿನ ಚಿಕ್ಕ, ವೇಗದ ಮೆಮೊರಿ), ಒಂದು ನೋಡ್ ಅಥವಾ ಇಡೀ ಯಂತ್ರ ಎಂದು ಬೇಕಾದ ಗಾತ್ರದ ಗುಂಪುಗಳಲ್ಲಿ ಇಡಬಹುದು. ಏನೂ ಹೇಳದಿದ್ದರೆ ಕೊನೆಯ ಹಂತದ ಕ್ಯಾಶ್ ಅನ್ನು ಹಂಚಿಕೊಂಡ ಸಿಪಿಯುಗಳು ಒಂದು ಗುಂಪು. ಒಂದೇ ನೋಡ್‌ನೊಳಗೆ ಹಲವು ಕ್ಯಾಶ್‌ಗಳಿರುವ ಇಂದಿನ ಪ್ರೊಸೆಸರ್‌ಗಳಿಗೆ ಇದು ಬೇಕಾಗಿದ್ದ ಬದಲಾವಣೆ. ಆದರೆ ಇದನ್ನೂ ಮೇಲಿನ ಕ್ರಮವನ್ನೂ ಜೋಡಿಸಿ ಓದಿದರೆ ಒಂದು ತೊಡಕು ಕಾಣುತ್ತದೆ. ದೂರದಿಂದ ಬಂದ ಕೆಲಸಕ್ಕೆ ಆಯ್ಕೆಯಾಗುವುದು ನೋಡ್‌ನ ಮೊದಲ ಸಿಪಿಯು. ಆ ಸಿಪಿಯು ಯಾವ ಕ್ಯಾಶ್ ಗುಂಪಿನಲ್ಲಿದೆಯೋ ಕೆಲಸ ಆರಂಭವಾಗುವುದು ಅಲ್ಲಿ. ನೋಡ್‌ನ ಉಳಿದ ಗುಂಪುಗಳು ಬಿಡುವಾಗಿದ್ದರೂ ಕೆಲಸಗಳೆಲ್ಲ ಮೊದಲ ಗುಂಪಿನ ಬಾಗಿಲಲ್ಲಿ ಬಂದು ಸೇರುತ್ತವೆ. ಈ ವ್ಯಾಪ್ತಿ ಕಟ್ಟುನಿಟ್ಟಿನದಲ್ಲ, ಆರಂಭವಾದ ಮೇಲೆ ಥ್ರೆಡ್ಡನ್ನು ಎಲ್ಲಿಗೆ ಬೇಕಾದರೂ ಸರಿಸುವ ಸ್ವಾತಂತ್ರ್ಯ, ಥ್ರೆಡ್‌ಗಳನ್ನು ಸಿಪಿಯುಗಳಿಗೆ ಹಂಚುವ ಷೆಡ್ಯೂಲರ್‌ಗೆ ಇದೆ. ದಟ್ಟಣೆಯನ್ನು ಕರಗಿಸುವುದು ಈ ಸ್ವಾತಂತ್ರ್ಯವೇ. ನಾವು ಕೇಳಿದ ಹತ್ತಿರ ಎಂಬುದನ್ನು ಕೆಲಸದ ನಡುವೆ ಕಳೆದುಬಿಡಬಲ್ಲದ್ದೂ ಇದೇ.

ಹಾಗಾದರೆ ಕೆಲಸವನ್ನು ನೋಡ್‌ಗೆ ಬಿಗಿಯಾಗಿ ಕಟ್ಟಿಹಾಕಿಬಿಡಬಾರದೇ ಎಂದು ಕೇಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಒಂದು ನೋಡ್‌ನ ಕೋರ್‌ಗಳೆಲ್ಲ ಉಸಿರಾಡಲು ಬಿಡುವಿಲ್ಲದಷ್ಟು ತುಂಬಿರುವಾಗ, ಪಕ್ಕದ ನೋಡ್ ಖಾಲಿ ಇದ್ದರೂ ಕೆಲಸ ಅಲ್ಲೇ ಕಾಯಬೇಕು ಎನ್ನುವುದು ಹಟವಾಗುತ್ತದೆ. ತುಸುವೇ ಮೆಮೊರಿ ಮುಟ್ಟುವ ಪುಟ್ಟ ಕೆಲಸಕ್ಕೆ ಯಾವ ನೋಡ್ ಆದರೇನು? ನಿಮ್ಮ ಲೇಖಕರು ಹೇಳಿದ ಬಿಡುವಾಗಿರುವ ಸಿಪಿಯು ಎಂಬ ನಿಯಮ ಅಲ್ಲಿ ಸರಿಯೇ. ಕೆಲಸ ಗಿಗಾಬೈಟ್‌ಗಟ್ಟಲೆ ಮೆಮೊರಿಯನ್ನು ಬರೆಯುವುದಾದರೆ, ಇಲ್ಲವೇ ಮುಂದೆ ಬಹುಕಾಲ ಬಳಕೆಯಲ್ಲಿರುವ ಮೆಮೊರಿಯನ್ನು ಕೇಳಿ ಪಡೆಯುವುದಾದರೆ ಮಾತ್ರ ಜಾಗದ ಪ್ರಶ್ನೆ ಮುಂದೆ ಬರುತ್ತದೆ.

ಈ ಎರಡು ಬಗೆಗಳಿಗೆ ಪರಿಹಾರ ಒಂದೇ ಅಲ್ಲ ಎಂಬುದನ್ನು ಡ್ರೈವರ್ ಬರೆಯುವ ಕಿರಿಯರಿಗೆ ನಾನು ಪದೇಪದೇ ಹೇಳುತ್ತೇನೆ. ಗಿಗಾಬೈಟ್‌ಗಟ್ಟಲೆ ಬರೆಯುವ ಕೆಲಸಕ್ಕೆ ಬೇಕಾದದ್ದು ಹತ್ತಿರದ ಸಿಪಿಯು. ಕ್ಯೂ_ವರ್ಕ್_ನೋಡ್ ಅದನ್ನು ಕೊಡಲು ಪ್ರಯತ್ನಿಸುತ್ತದೆ. ಬಾಳಿಕೆಯ ಮೆಮೊರಿಯನ್ನು ಪಡೆಯುವ ಕೆಲಸಕ್ಕಾದರೆ ಕೋಡ್ ಎಲ್ಲಿ ಓಡಿದರೂ ಪರವಾಗಿಲ್ಲ, ಕೆಮ್ಯಾಲಕ್_ನೋಡ್ ಎಂಬ ಫಂಕ್ಷನ್ ಮೂಲಕ ಇಂಥ ನೋಡ್‌ನಿಂದಲೇ ಕೊಡು ಎಂದು ಬಾಯಿಬಿಟ್ಟು ಕೇಳಬೇಕು. ಕೆಲಸ ಹತ್ತಿರ ಓಡುತ್ತದೆ, ಮೆಮೊರಿ ತಾನಾಗಿಯೇ ಹತ್ತಿರ ಸಿಗುತ್ತದೆ ಎಂದು ನಂಬಿ ಕುಳಿತರೆ, ಷೆಡ್ಯೂಲರ್ ಥ್ರೆಡ್ಡನ್ನು ಸರಿಸಿದ ಮರುಕ್ಷಣವೇ ಆ ನಂಬಿಕೆ ಹುಸಿಯಾಗುತ್ತದೆ. ನಮ್ಮ ಡ್ರೈವರ್‌ನಲ್ಲಿ ಕೊನೆಗೆ ಎರಡನ್ನೂ ಮಾಡಿದೆವು. ಆದರೆ ಎರಡಕ್ಕೂ ನೋಡ್ ಸಂಖ್ಯೆ ಬೇಕು, ಮತ್ತು ಅದನ್ನು ಕೊಡಬೇಕಾದದ್ದು ಫರ್ಮ್‌ವೇರ್.

ಆದ್ದರಿಂದ ಸಂಪಾದಕರೇ, ಮುಂದೆ ಈ ವಿಷಯದ ಮೇಲೆ ಲೇಖನ ಬರುವುದಾದರೆ ಅದರ ಜೊತೆಗಿನ ಚಿತ್ರದಲ್ಲಿ ಮೆಮೊರಿಯನ್ನು ಒಂದೇ ಪೆಟ್ಟಿಗೆಯಾಗಿ ಬರೆಯದೆ, ಎರಡು ಪ್ರೊಸೆಸರ್‌ಗಳ ಪಕ್ಕದಲ್ಲಿ ಎರಡು ಪೆಟ್ಟಿಗೆಗಳಾಗಿ ಬರೆಸಬೇಕೆಂದು ಕೋರುತ್ತೇನೆ. ಪಾಠ ಹೇಳುವವರಲ್ಲಿಯೂ ನನ್ನ ಕೋರಿಕೆ ಇದೇ. ಮೊದಲ ದಿನ ಕಂಡ ಚಿತ್ರ ಮನಸ್ಸಿನಿಂದ ಅಷ್ಟು ಸುಲಭವಾಗಿ ಹೋಗುವುದಿಲ್ಲ. ನಮ್ಮ ತಂಡದ ಯಾರಿಗೂ ಅಷ್ಟು ವಾರಗಳ ಕಾಲ ರೀಸೆಟ್ ಕೆಲಸ ಎಲ್ಲಿ ಓಡಿತು ಎಂಬ ಪ್ರಶ್ನೆ ಹೊಳೆಯದಿದ್ದುದಕ್ಕೆ, ನಾವೆಲ್ಲರೂ ಕಲಿತಿದ್ದ ಆ ಒಂದೇ ಪೆಟ್ಟಿಗೆಯ ಚಿತ್ರವೇ ಕಾರಣವೆಂದು ನಾನು ನಂಬಿದ್ದೇನೆ.

ಹಲವು ಸಾಕೆಟ್‌ಗಳ ಯಂತ್ರಗಳನ್ನು ನೋಡಿಕೊಳ್ಳುವ ಓದುಗರು ಇಂದೇ ತಮ್ಮ ಪಿಸಿಐ ಸಾಧನಗಳ ನ್ಯೂಮಾ_ನೋಡ್ ಕಡತಗಳನ್ನು ಒಮ್ಮೆ ಓದಿ ನೋಡಲಿ. -1 ಕಂಡರೆ, ಆ ಕಡತಕ್ಕೆ ಸರಿಯಾದ ನೋಡ್ ಸಂಖ್ಯೆಯನ್ನು ನಿರ್ವಾಹಕರು ತಾವೇ ಬರೆಯಬಹುದು. ನಾವೂ ಸದ್ಯಕ್ಕೆ ಹಾಗೆಯೇ ದಾರಿ ಮಾಡಿಕೊಂಡೆವು, ಅದರ ನಂತರದ ರೀಸೆಟ್‌ಗಳಲ್ಲಿ ವೇಗ ಮತ್ತೆ ಕುಸಿಯಲಿಲ್ಲ. ಹಾಗೆ ಬರೆದಾಗ ಕರ್ನಲ್ ಸುಮ್ಮನಿರುವುದಿಲ್ಲ. ಫರ್ಮ್‌ವೇರ್ ದೋಷವನ್ನು ಬದಿಗಿರಿಸಿ ಓಡುತ್ತಿದ್ದೇನೆ ಎಂದು ತನ್ನ ಮೇಲೆ ತಾನೇ ಒಂದು ಗುರುತು ಹಾಕಿಕೊಳ್ಳುತ್ತದೆ, ನೋಡ್ ಸಂಖ್ಯೆಯನ್ನು ಹೊರಗಿನಿಂದ ಬದಲಿಸಲಾಗಿದೆ, ತಿದ್ದುಪಡಿಗಾಗಿ ತಯಾರಕರನ್ನು ಸಂಪರ್ಕಿಸಿ ಎಂಬ ಅರ್ಥದ ಸಂದೇಶವನ್ನು ಲಾಗ್‌ನಲ್ಲಿ ಬರೆಯುತ್ತದೆ. ಆ ಸಂದೇಶವನ್ನು ಹಾಗೆಯೇ ನಕಲು ಮಾಡಿ ನಾವು ಯಂತ್ರದ ತಯಾರಕರಿಗೆ ಕಳುಹಿಸಿದೆವು. ಮುಂದಿನ ಫರ್ಮ್‌ವೇರ್‌ನಲ್ಲಿ ಆ ಕಡತ ಓದಿದಾಗ -1ರ ಜಾಗದಲ್ಲಿ 1 ಇತ್ತು (ನೋಡ್‌ಗಳ ಎಣಿಕೆ 0ರಿಂದ ಶುರು, ಹಾಗಾಗಿ 1 ಎಂದರೆ ಎರಡನೆಯ ನೋಡ್).

ಇತಿ ತಮ್ಮ ವಿಶ್ವಾಸಿ,
ಕರ್ನಲ್ ತಂತ್ರಾಂಶದ ಕೆಲಸದಲ್ಲಿರುವ ಒಬ್ಬ ಓದುಗ